ಭಾವನವರಿಗೆ, ಅತ್ತೆಯ ಮೂಲಕ

ನಾನು ಒಂದು ಪೇಪರ್ ಬಾಕಿ ಇಟ್ಟುಕೊಂಡು ಮದುವೆಯಾದವಳು. ನಂಜನಗೂಡಿನಲ್ಲಿ ಬಿಸಿಎ ಓದುತ್ತಿದ್ದೆ. ಉಳಿದ ವಿಷಯಗಳೆಲ್ಲ ಮುಗಿದಿದ್ದವು. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ಒಂದು ಮಾತ್ರ ಉಳಿದುಕೊಂಡಿತು. ಮೊದಲ ಸಲ ಆ ಪರೀಕ್ಷೆ ಬಂದದ್ದು ನನ್ನನ್ನು ಗಂಡನ ಮನೆ ತುಂಬಿಸಿದ ಮಾರನೆಯ ದಿನ. ಕೈಯ ಕಂಕಣ ಬಿಚ್ಚುವ ತನಕ ಹೊಸ್ತಿಲು ದಾಟುವ ಹಾಗಿಲ್ಲ ಎಂದರು, ದಾಟಲಿಲ್ಲ. ಎರಡನೆಯ ಸಲ ಹೋಗಿ ಬರೆದೆ, ಫೇಲಾದೆ. ಉರು ಹೊಡೆದಿದ್ದ ವ್ಯಾಖ್ಯೆಗಳೆಲ್ಲ ಹಾಳೆಗೆ ಇಳಿಯುವಷ್ಟರಲ್ಲಿ ಒಂದರ ತಲೆ ಇನ್ನೊಂದರ ಬಾಲಕ್ಕೆ ಸೇರಿಕೊಂಡಿತ್ತು. ಆಮೇಲೆ ಎರಡು ವರ್ಷ ಯಾರೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂರನೆಯ ಸಲಕ್ಕೆ ಕಾಲೇಜಿನ ಗುಮಾಸ್ತರು ತಾವಾಗಿಯೇ ಫೋನ್ ಮಾಡಿದರು. 'ಇದೇ ಕೊನೇದು ಕಣಮ್ಮ. ಈ ಸಲ ಪಾಸಾಗ್ಲಿಲ್ಲ ಅಂದ್ರೆ ಕೋರ್ಸಿನ ಅವಧಿ ಮುಗಿದೋಯ್ತದೆ. ಡಿಗ್ರಿ ಇಲ್ಲ, ಏನಿಲ್ಲ. ಓದಿದ್ದೆಲ್ಲ ವೇಸ್ಟು' ಎಂದರು. ಫೋನಿಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಆ ಡಿಗ್ರಿ ಬಿಟ್ಟರೆ ನನ್ನದು ಎಂದು ಹೇಳಿಕೊಳ್ಳುವ ಒಂದು ವಸ್ತುವೂ ಆ ಮನೆಯಲ್ಲಿ ಇರಲಿಲ್ಲ ಎಂದು ಅವತ್ತು ಗೊತ್ತಾಯಿತು.

ಮನೆ ಎಂದರೆ ತಿ. ನರಸೀಪುರದಿಂದ ಒಳಗೆ, ನಾಲೆಯ ಪಕ್ಕದ ಊರು. ಮಾವ ತೀರಿಕೊಂಡಿದ್ದರು. ಗಂಡನ ಅಣ್ಣ, ನನ್ನ ಭಾವ, ಯಜಮಾನ. ಗದ್ದೆ ನೋಡಿಕೊಳ್ಳುತ್ತಾ ಬಾಳೆಕಾಯಿ ವ್ಯಾಪಾರ ಮಾಡುತ್ತಿದ್ದರು. ಅವರ ಹೆಂಡತಿ ನನ್ನ ವಾರಗಿತ್ತಿ. ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಗಂಡ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾ ಅರ್ಧ ವಾರ ಅಲ್ಲೇ ರೂಮಿನಲ್ಲಿ ಇರುತ್ತಿದ್ದರು. ಅಂದರೆ ನನ್ನನ್ನು ನಂಜನಗೂಡಿನಿಂದ ಇಲ್ಲಿಗೆ ತಂದು ಬಿಟ್ಟು ತಾವು ನಂಜನಗೂಡಿಗೆ ಹೋಗಿ ಕೂತರು. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಎಲ್ಲರಿಗಿಂತ ಮುಖ್ಯರಾದವರು ಅತ್ತೆ. ಯಾಕೆಂದರೆ ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ಮಾತಾಡುವ ಹಾಗಿರಲಿಲ್ಲ. ಎದುರಿಗೆ ನಿಲ್ಲುವ ಹಾಗೂ ಇಲ್ಲ. ಅವರು ನಡುಮನೆಗೆ ಬಂದರೆ ನಾನು ಅಡುಗೆಮನೆಗೆ, ಅವರು ಹಿತ್ತಿಲಿಗೆ ಬಂದರೆ ನಾನು ನಡುಮನೆಗೆ. ನನಗೆ ಅವರಿಂದ ಏನಾದರೂ ಆಗಬೇಕಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳುತ್ತಾರೆ. ಅವರ ಉತ್ತರವೂ ಅದೇ ದಾರಿಯಲ್ಲಿ ವಾಪಸು. ನಾವಿಬ್ಬರೂ ನಾಲ್ಕು ಮಾರು ದೂರದಲ್ಲಿ ಗೋಡೆಯ ಆಚೆ ಈಚೆ ಇದ್ದು, ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಕೇಳಿಸಿದರೂ, ಅತ್ತೆ ಬಂದು ಅದನ್ನು ಮತ್ತೊಮ್ಮೆ ಹೇಳಿದ ಮೇಲೇ ಕೇಳಿಸಿದ ಹಾಗೆ. ಮನೆಯವರದೊಂದು ವಾಟ್ಸಾಪ್ ಗ್ರೂಪು ಇತ್ತು, ಅದರಲ್ಲಿ ನಾನೂ ಇದ್ದೆ, ಭಾವನೂ ಇದ್ದರು. ನಾನು ಮಾತ್ರ ಅದರಲ್ಲಿ ಏನೂ ಬರೆಯುವ ಹಾಗಿರಲಿಲ್ಲ. 'ಸಂಜೆ ನಾಲ್ಕು ಜನ ಊಟಕ್ಕೆ ಬರುತ್ತಾರೆ, ಮನೆಯಲ್ಲಿ ತಿಳಿಸಿ' ಎಂದು ಹಾಕುತ್ತಿದ್ದರು. ಅದನ್ನು ಮೊದಲು ನೋಡುವವಳು ನಾನೇ. ಮೊಬೈಲು ಕೈಯಲ್ಲಿಟ್ಟುಕೊಂಡು, ಯಾರಾದರೂ ಬಂದು ನನಗೆ ತಿಳಿಸಲಿ ಎಂದು ಕಾಯುತ್ತಿದ್ದೆ. ಮೊದಮೊದಲು ನಗು ಬರುತ್ತಿತ್ತು.

ಹಾಗಾದರೆ ಗಂಡನ ಮೂಲಕ ಹೇಳಿಸಬಾರದೇ ಎಂದು ಕೇಳಬಹುದು. ಅವರನ್ನು ಓದಿಸಿ ಬೆಳೆಸಿದವರು ಅಣ್ಣ. ಅಣ್ಣನ ಮುಂದೆ ಅವರ ಬಾಯಿಗೆ ಬೀಗ. 'ಅವ್ವನ್ ಕೈಲಿ ಏಳ್ಸು' ಎನ್ನುತ್ತಿದ್ದರು. ವಾರಗಿತ್ತಿ ಒಳ್ಳೆಯವಳು, ಆದರೆ 'ನಂಗ್ಯಾಕೆ ಬೇಕು ಮಾರಾಯ್ತಿ' ಎಂದು ಮೊದಲೇ ಕೈ ತೊಳೆದುಕೊಂಡಿದ್ದಳು. ಕೊನೆಗೆ ಎಲ್ಲ ದಾರಿಗಳೂ ಅತ್ತೆಯ ಹತ್ತಿರವೇ ಬಂದು ನಿಲ್ಲುತ್ತಿದ್ದವು.

ಪರೀಕ್ಷೆಯ ವಿಷಯವನ್ನೂ ಅತ್ತೆಗೇ ಹೇಳಿದೆ. ಅವರು ಭಾವನಿಗೆ ಹೇಳಿದರು. ಉತ್ತರ ಬಂತು: ತಿ. ನರಸೀಪುರದ ಕಂಪ್ಯೂಟರ್ ಸೆಂಟರಿಗೆ ವಾರಕ್ಕೆ ಮೂರು ಮಧ್ಯಾಹ್ನ ಹೋಗಬಹುದು, ಐದು ಗಂಟೆಯ ಬಸ್ಸಿಗೆ ವಾಪಸು ಬರಬೇಕು, ಪರೀಕ್ಷೆ ಮುಗಿಯುವವರೆಗೆ ಮಾತ್ರ. ಕೊನೆಯ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ವಾರಕ್ಕೆ ಮೂರು ಮಧ್ಯಾಹ್ನ ಎಂಬುದೇ ನನಗೆ ಸಾಕಾಗಿತ್ತು.

ಸೆಂಟರು ಗೊಬ್ಬರದಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಯೂರಿಯಾದ ವಾಸನೆ ಮೇಲಿನ ತನಕ ಬರುತ್ತಿತ್ತು. ಪಾಠ ಮಾಡುವ ಮೇಡಂ ನನಗಿಂತ ಚಿಕ್ಕವರು. ಬದನವಾಳಿನ ಕಡೆಯವರು, ಅಪ್ಪ ಅಮ್ಮ ಕೂಲಿ ಮಾಡಿ ಓದಿಸಿದ್ದರಂತೆ. ಸ್ಕೂಟರಿನಲ್ಲಿ ಬರುತ್ತಿದ್ದರು, ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ನೇರವಾಗಿ ಪಾಠಕ್ಕೆ ಇಳಿಯುತ್ತಿದ್ದರು. ಮೊದಲ ದಿನವೇ ನನ್ನ ಗೈಡನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟರು. ಅದರಲ್ಲಿ ಉದಾಹರಣೆ ಎಂದರೆ ಕಾರು, ನಾಯಿ, ಬ್ಯಾಂಕ್ ಖಾತೆ. ಕಾರಿಗೆ ಬಣ್ಣವಿದೆ, ವೇಗವಿದೆ. ನಾಯಿ ಬೊಗಳುತ್ತದೆ, ಬೆಕ್ಕು ಮ್ಯಾವ್ ಎನ್ನುತ್ತದೆ. ಇಷ್ಟು ತಿಳಿಯಲು ಡಿಗ್ರಿ ಯಾಕೆ ಬೇಕು ಎಂದು ನನಗೆ ಸಿಟ್ಟು ಬರುತ್ತಿತ್ತು, ಆದರೂ ಪರೀಕ್ಷೆಯಲ್ಲಿ ಬರೆಯಲು ಬರುತ್ತಿರಲಿಲ್ಲ.

ಮೇಡಂ ಕೇಳಿದರು, 'ನಿಮ್ಮ ಮನೇಲಿ ಎಷ್ಟ್ ಜನ ಸೊಸೇರು?'

'ಇಬ್ಬರು.'

'ಸೊಸೆ ಅನ್ನೋದು ಕ್ಲಾಸು. ನೀವಿಬ್ರೂ ಆಬ್ಜೆಕ್ಟು. ಈಗ ಹೇಳಿ, ಕ್ಲಾಸಲ್ಲಿ ಏನೇನಿರುತ್ತೆ?'

ಅವರು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಒಳಗೆ ಏನೋ ಕದಲಿತು. ಎರಡು ವರ್ಷ ಅರ್ಥವಾಗದ್ದು ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಕ್ಲಾಸ್ ಎಂದರೆ ವಸ್ತುವಲ್ಲ, ವಸ್ತು ಹೇಗಿರಬೇಕೆಂದು ಮೊದಲೇ ಬರೆದಿಟ್ಟ ನಮೂನೆ. ಅದಕ್ಕೆ ಇಂತಿಂಥ ಗುಣಗಳಿರಬೇಕು, ಅದು ಇಂತಿಂಥ ಕೆಲಸ ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಆ ನಮೂನೆಯ ಪ್ರಕಾರ ನಿಜವಾಗಿ ಹುಟ್ಟಿಕೊಂಡದ್ದು ಆಬ್ಜೆಕ್ಟ್. ನಾನು ಆ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲೇ ಅಲ್ಲಿ ಸೊಸೆ ಎಂಬುದನ್ನು ಬರೆದಿಟ್ಟಾಗಿತ್ತು. ಏಳುವ ಹೊತ್ತು, ಸೆರಗು ಎಲ್ಲಿರಬೇಕು, ನಗುವಾಗ ದನಿ ಎಷ್ಟಿರಬೇಕು, ಯಾರಿಗೆ ಮೊದಲು ಬಡಿಸಬೇಕು. ಖಾಲಿ ಇದ್ದದ್ದು ಹೆಸರಿನ ಜಾಗ ಒಂದೇ. ಮದುವೆಯ ದಿನ ಅಲ್ಲಿ ನನ್ನ ಹೆಸರು ತುಂಬಿದರು. ಅದನ್ನು ಕೂಡ ಸ್ವಲ್ಪ ಬದಲಾಯಿಸಿಯೇ ತುಂಬಿದರು.

ಅಲ್ಲಿಂದ ಪಾಠ ನನಗೆ ಭಯವಾಗುವಷ್ಟು ಸಲೀಸಾಗಿ ಹೋಯಿತು. ಮೇಡಂ ಇನ್‌ಹೆರಿಟೆನ್ಸ್ ಹೇಳಿಕೊಟ್ಟರು: ಹಳೆಯ ನಮೂನೆಯಿಂದ ಹೊಸ ನಮೂನೆ ಹುಟ್ಟುತ್ತದೆ, ಹಳೆಯದರ ಗುಣಗಳೆಲ್ಲ ತಾವಾಗಿಯೇ ಇಳಿದು ಬರುತ್ತವೆ, ಮತ್ತೆ ಬರೆಯುವ ಕೆಲಸವಿಲ್ಲ. ಬೇಕಾದರೆ ಒಂದೆರಡನ್ನು ನಮ್ಮ ರೀತಿಗೆ ತಿದ್ದಿಕೊಳ್ಳಬಹುದು. 'ನಮ್ಮತ್ತೆ ಕಾಲ್ದಿಂದ್ಲೂ ಇಂಗೇ ಕಣವ್ವ' ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದುದು ಅದನ್ನೇ. ವಾರಗಿತ್ತಿ ಒರಳು ಬಿಟ್ಟು ಗ್ರೈಂಡರ್ ತರಿಸಿದ್ದಳು, ಅದು ತಿದ್ದುಪಡಿ. ರುಬ್ಬುವ ಕೆಲಸ ಮಾತ್ರ ಅವಳದೇ ಆಗಿ ಉಳಿದಿತ್ತು. ನಾನು ಕಿಟಕಿ ಪಕ್ಕದ ಸೀಟು ಹಿಡಿದು ಊರಿಗೆ ವಾಪಸು ಬರುತ್ತಾ ಇದನ್ನೆಲ್ಲ ಯೋಚಿಸುತ್ತಿದ್ದೆ. ಗದ್ದೆ, ತೆಂಗು, ನಾಲೆ ಎಲ್ಲ ಹಿಂದಕ್ಕೆ ಹೋಗುತ್ತಿದ್ದವು. ಪಾಠ ಅರ್ಥವಾದ ಸಂತೋಷ ಒಂದು ಕಡೆ. ಅರ್ಥವಾದದ್ದು ಏನು ಎಂಬ ಸಂಕಟ ಇನ್ನೊಂದು ಕಡೆ.

ಪಾಲಿಮಾರ್ಫಿಸಂ ಎಂಬುದನ್ನು ನಾನೇ ಕಂಡುಕೊಂಡೆ. ಅಪ್ಪಣೆ ಒಂದೇ, ಆದರೆ ಅದನ್ನು ಕೇಳಿದ ಒಂದೊಂದು ಆಬ್ಜೆಕ್ಟೂ ತನ್ನ ತನ್ನ ರೀತಿಯ ಕೆಲಸ ಮಾಡುತ್ತದೆ. ಭಾವ ಮನೆಗೆ ಬಂದಾಗ ಜಗಲಿಯ ಮೇಲೆ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಅದನ್ನು ಕೇಳಿ ಅತ್ತೆ ಕಾಲಿಗೆ ನೀರಿಡುತ್ತಿದ್ದರು, ವಾರಗಿತ್ತಿ ತಟ್ಟೆ ಹಾಕುತ್ತಿದ್ದಳು, ನನ್ನ ಗಂಡ ಮನೆಯಲ್ಲಿದ್ದರೆ ಕುರ್ಚಿಯಿಂದ ಏಳುತ್ತಿದ್ದರು, ನಾನು ಮಾಯವಾಗುತ್ತಿದ್ದೆ. ಇದನ್ನು ಮೇಡಂಗೆ ಹೇಳಿದಾಗ ಅವರು ಮೇಜು ಬಡಿದು ನಕ್ಕರು. ನಕ್ಕು ಮುಗಿಸಿ ನನ್ನ ಮುಖ ನೋಡಿದರು.

ಆಮೇಲೆ ಹೇಳಿದರು, 'ನೀವು ಪಾಸಾಗಿ ಸಾಕು. ಡಿಗ್ರಿ ಕೈಗೆ ಬಂದ್ರೆ ಇಲ್ಲೇ ಪಾಠ ಮಾಡಿ. ನನಗೊಬ್ಬಳಿಗೇ ಆಗ್ತಿಲ್ಲ. ನಿಮಗೆ ಹೇಳಿಕೊಡೋಕೆ ಬರುತ್ತೆ.'

ನನಗೆ ಏನಾದರೂ ಬರುತ್ತದೆ ಎಂದು ಮದುವೆಯಾದ ಮೇಲೆ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಪರೀಕ್ಷೆ ಎಂದರೆ ನನಗೆ ಬರೀ ಡಿಗ್ರಿಯಲ್ಲ, ಆ ಮೆಟ್ಟಿಲು ಹತ್ತುವ ಹಕ್ಕು. ಹಗಲೆಲ್ಲ ಅದೇ ಯೋಚನೆ. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೂ ಉಂಟು.

ಎನ್‌ಕ್ಯಾಪ್ಸುಲೇಷನ್ ಪಾಠವಾದ ವಾರವೇ ಮನೆಯಲ್ಲಿ ಗಲಾಟೆಯಾಯಿತು. ಆ ಪಾಠ ಹೀಗೆ: ಒಂದು ಆಬ್ಜೆಕ್ಟಿನ ಒಳಗಿನ ಮಾಹಿತಿಯನ್ನು ಹೊರಗಿನವರು ನೇರವಾಗಿ ಮುಟ್ಟಬಾರದು. ಅದನ್ನು ಪ್ರೈವೇಟ್ ಎಂದು ಬೀಗ ಹಾಕಿಡುತ್ತಾರೆ. ಬೇಕೆಂದವರು ಅದಕ್ಕೆಂದೇ ಇಟ್ಟಿರುವ ಮೆಥಡ್ ಎಂಬುದನ್ನು ಕೇಳಬೇಕು. ಮೆಥಡ್ ಒಳಗೆ ಹೋಗಿ ತಂದುಕೊಡುತ್ತದೆ. ಒಳಗೆ ಅದು ಏನು ಮಾಡಿತು, ಹೇಗೆ ಮಾಡಿತು ಎಂಬುದು ಕೇಳಿದವರಿಗೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಬರೆದುಕೊಳ್ಳುತ್ತಾ ನನಗೆ ಅತ್ತೆಯ ಮುಖವೇ ಕಣ್ಣ ಮುಂದೆ ಬಂತು.

ಪರೀಕ್ಷೆಯ ಅರ್ಜಿಗೆ ನಾನೇ ನಂಜನಗೂಡಿನ ಕಾಲೇಜಿಗೆ ಹೋಗಿ ಸಹಿ ಹಾಕಬೇಕಿತ್ತು. ಶುಕ್ರವಾರ ಕೊನೆಯ ದಿನ. ಅದು ನನ್ನ ಮೂರು ಮಧ್ಯಾಹ್ನಗಳ ಲೆಕ್ಕಕ್ಕೆ ಸೇರದ್ದರಿಂದ ಬೇರೆ ಒಪ್ಪಿಗೆ ಬೇಕಿತ್ತು. ಮಂಗಳವಾರ ಅತ್ತೆಗೆ ಹೇಳಿದೆ, 'ಶುಕ್ರವಾರ ಕೊನೇ ದಿನ ಅತ್ತೆ, ಅರ್ಜಿಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ.' ಅವರು ತಲೆಯಾಡಿಸಿದರು. ಗೋಡೆಯ ಈಚೆ ನಿಂತು ನಾನು ಕೇಳಿಸಿಕೊಂಡದ್ದು ಇಷ್ಟು: 'ಅವ್ಳಿಗೇನೋ ನಂಜನಗೂಡ್‌ಗೆ ಓಗ್ಬೇಕಂತೆ ಕಣಪ್ಪ.' ಭಾವ ಎಂದರು, 'ಸೋಮ್ವಾರ ದೇವಸ್ಥಾನಕ್ಕೆ ಎಲ್ರೂ ಓಯ್ತೀವಲ್ಲ, ಆಗ ಬರ್ಲಿ.' ಅತ್ತೆ ಒಳಗೆ ಬಂದು, 'ಸೋಮ್ವಾರ ಓಗಿವಂತೆ' ಎಂದರು.

ಬುಧವಾರ ಮತ್ತೆ ಹೇಳಿದೆ. ಗುರುವಾರ ಮತ್ತೆ. ಪ್ರತಿ ಸಲವೂ ನನ್ನ ಮಾತು ಅತ್ತೆಯ ಬಾಯಿಗೆ ಹೋಗಿ ಚಿಕ್ಕದಾಗಿ ಹೊರಬರುತ್ತಿತ್ತು. 'ಕೊನೇ ದಿನ' ಎಂಬುದು ಒಂದು ಸಲವೂ ಹೊರಗೆ ಬರಲಿಲ್ಲ. ಗಂಡನಿಗೆ ಫೋನ್ ಮಾಡಿದರೆ, 'ಅವ್ವ ಏಳವ್ಳಲ್ಲ, ಬಿಡು, ನೋಡಾಣ' ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಶುಕ್ರವಾರ ಬೆಳಿಗ್ಗೆ ಭಾವ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ತಿಂಡಿಗೆ ಕೂತಿದ್ದರು. ಬಸ್ಸಿಗೆ ಅರ್ಧ ಗಂಟೆಯಿತ್ತು. ನಾನು ಅಡುಗೆಮನೆಯ ಬಾಗಿಲಿನಿಂದ ಒಂದು ಹೆಜ್ಜೆ ಹೊರಗೆ ಬಂದೆ. 'ಭಾವ, ಇವತ್ತೇ ಕೊನೇ ದಿನ. ನಾನು ಹೋಗದಿದ್ದರೆ ಡಿಗ್ರಿ ಹೋಗುತ್ತೆ' ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ವಾರಗಿತ್ತಿಯ ಕೈಯಲ್ಲಿದ್ದ ಸೌಟು ನಿಂತಿತು. ಭಾವ ತಟ್ಟೆಯಿಂದ ತಲೆಯೆತ್ತಲಿಲ್ಲ. ತುತ್ತು ನುಂಗಿ, ನೀರು ಕುಡಿದು, ಮೂಲೆಯಲ್ಲಿದ್ದ ಅತ್ತೆಯ ಕಡೆ ತಿರುಗಿ, 'ಅವ್ಳಿಗೇಳವ್ವ, ಓಗ್ಬುಟ್ಟು ಬರ್ಲಿ' ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅಷ್ಟು ಸುಲಭದ ಮಾತು ಅದು. ಆ ಮೂರು ದಿನ ನಾನು ಸತ್ತು ಬದುಕಿದ್ದು ಯಾಕೆ ಎಂದು ತಿಳಿಯದೆ ನಿಂತೆ.

ಅತ್ತೆ ಆ ಮಾತನ್ನು ನನಗೆ ಹೇಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋದರು. ನಾನು ಬಸ್ಸು ಹಿಡಿದೆ, ಸಹಿ ಹಾಕಿ ಬಂದೆ. ಸಂಜೆಯಿಂದ ಅತ್ತೆ ಮುಖ ಊದಿಸಿಕೊಂಡರು. 'ನಾನ್ಯಾಕವ್ವ ಬೇಕು ನಿಂಗೆ? ನೀನೇ ಮಾತಾಡ್ಕತೀಯಲ್ಲ' ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಭಾವ ಕೂಡ ನನ್ನ ಜೊತೆ ನೇರವಾಗಿ ಮಾತಾಡಲು ಶುರುಮಾಡಿದರು ಎಂದುಕೊಂಡರೆ ತಪ್ಪು. ಅವರದು ಮೊದಲಿನ ಹಾಗೆಯೇ. ಹೀಗಾಗಿ ಇದ್ದೊಂದು ದಾರಿಯೂ ಮುಚ್ಚಿಹೋಯಿತು. ಬಾಳೆಯ ಲೋಡಿಗೆ ಬಂದವರ ಊಟದ ವಿಷಯವನ್ನೂ ಯಾರೂ ನನಗೆ ತಿಳಿಸದೆ ಎರಡು ಸಲ ಅನ್ನ ಸಾಲದೆ ಬಂತು. ಬೈಗುಳವಿಲ್ಲ, ಜಗಳವಿಲ್ಲ, ಗಾಳಿಯಾಡದ ಕೋಣೆಯಲ್ಲಿ ಕೂತ ಹಾಗೆ ಆ ವಾರಗಳನ್ನು ಕಳೆದೆ.

ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆಯೇ ಅದು ಬಂತು: ಎನ್‌ಕ್ಯಾಪ್ಸುಲೇಷನ್ ಎಂದರೇನು, ಉದಾಹರಣೆಯೊಡನೆ ಅದರ ಅನುಕೂಲಗಳನ್ನು ವಿವರಿಸಿ. ನಾನು ಬ್ಯಾಂಕ್ ಖಾತೆಯ ಉದಾಹರಣೆ ಬರೆದೆ. ಒಳಗಿನದು ಸುರಕ್ಷಿತವಾಗಿರುತ್ತದೆ, ಹೊರಗಿನವರು ಕೆಡಿಸಲಾರರು, ವ್ಯವಸ್ಥೆ ಬಹುಕಾಲ ಬಾಳುತ್ತದೆ ಎಂದು ಆರು ಅನುಕೂಲಗಳನ್ನು ಬರೆದೆ. ಒಂದೂ ಸುಳ್ಳಲ್ಲ. ಕಿಟಕಿಯಾಚೆ ಕಪಿಲಾ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು, ನಾನು ಹುಟ್ಟಿ ಬೆಳೆದ ಊರಿನ ಗಾಳಿ, ಮೂರು ಗಂಟೆಯಾದ ಮೇಲೆ ಅದನ್ನು ಬಿಟ್ಟು ಹೊರಡಬೇಕಿತ್ತು.

ಪಾಸಾದೆ. ಒಳ್ಳೆಯ ಅಂಕವೇ ಬಂತು. ಗುಮಾಸ್ತರು ಫೋನ್ ಮಾಡಿ ಖುಷಿಪಟ್ಟರು, ಮೇಡಂ ಇನ್ನೂ ಖುಷಿಪಟ್ಟರು. 'ಮುಂದಿನ ತಿಂಗಳಿಂದ ಬನ್ನಿ' ಎಂದರು. ಆದರೆ ಪರೀಕ್ಷೆ ಮುಗಿಯುವವರೆಗೆ ಮಾತ್ರ ಎಂಬ ಮಾತು ಆಗ ನೆನಪಾಯಿತು. ಫೇಲಾಗುತ್ತಿದ್ದಷ್ಟು ದಿನ ನನಗೆ ಬಸ್ಸು ಹತ್ತಲು ಕಾರಣವಿತ್ತು. ಪಾಸಾದ ದಿನ ಆ ಕಾರಣ ಹೋಯಿತು.

ಒಂದು ವಾರ ಧೈರ್ಯ ಕೂಡಿಸಿಕೊಂಡೆ. ನೇರವಾಗಿ ಭಾವನನ್ನೇ ಕೇಳೋಣವೇ ಎಂದುಕೊಂಡೆ. ಬಾಗಿಲಿನ ತನಕ ಹೋಗಿ ಬಂದೆ. ಹಿಂದಿನ ಸಲ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಣ್ಣಿಗೆ ಕಟ್ಟಿತ್ತು; ನನಗೆ ಹೆದರಿಕೆಯೂ ಇತ್ತು, ಸುಳ್ಳು ಯಾಕೆ. ಕೊನೆಗೆ ಅತ್ತೆಯ ಪಕ್ಕ ಕೂತು ಅವರ ಕಾಲು ಒತ್ತುತ್ತಾ ಹೇಳಿದೆ, 'ಸೆಂಟರಿನಲ್ಲಿ ಪಾಠ ಮಾಡಲು ಕರೆಯುತ್ತಿದ್ದಾರೆ. ಭಾವನವರಿಗೆ ನೀವೇ ಹೇಳಬೇಕು ಅತ್ತೆ. ನಾನು ಹೇಳಲ್ಲ.' ಅವರ ಮುಖ ಎಷ್ಟೋ ದಿನದ ಮೇಲೆ ಅರಳಿತು. 'ಏಳ್ತೀನಿ ಬುಡು' ಎಂದರು. ಎರಡು ದಿನ ಬಿಟ್ಟು ನಾನು ಪಾತ್ರೆ ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತರು. 'ಏಳ್ದೆ ಕಣವ್ವ. ಬ್ಯಾಡ ಅಂದ.'

ನನಗೆ ಅಳು ಬಂತು. ಮೇಡಂಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. ಅವರು ಎರಡು ತಿಂಗಳು ಕಾದು ಬೇರೊಬ್ಬರನ್ನು ತೆಗೆದುಕೊಂಡರು.

ಅವರೆಕಾಯಿ ಕಾಲ ಬಂತು. ಒಂದು ಮಧ್ಯಾಹ್ನ ನಾನೂ ವಾರಗಿತ್ತಿಯೂ ಹಿತ್ತಿಲಿನಲ್ಲಿ ಅವರೆ ಹಿತುಕುತ್ತಾ ಕೂತಿದ್ದೆವು. ಅವಳು ಸುಮ್ಮನೆ ಮಾತಿಗೆ ಮಾತು ಬಂದು ಕೇಳಿದಳು, 'ಅಷ್ಟ್ ಕಷ್ಟಬಿದ್ದು ಪಾಸ್ ಮಾಡ್ಕಂಡು ಕೆಲ್ಸಕ್ಕೆ ಯಾಕ್ ಬ್ಯಾಡ ಅಂದೆ?'

'ನಾನೆಲ್ಲಿ ಬೇಡ ಅಂದೆ? ಭಾವ ಅಲ್ಲವಾ ಅಂದದ್ದು.'

ಅವಳು ಕೈಯಲ್ಲಿದ್ದ ಕಾಳು ಹಾಗೇ ಹಿಡಿದುಕೊಂಡಳು. 'ಅವ್ರೇ ಅತ್ತೇನ ಕೇಳುದ್ರು ಕಣೇ, ನನ್ನೆದ್ರುಗೇ. ಅವ್ಳು ಕೆಲ್ಸಕ್ಕೆ ಓಗಲ್ವಂತಾ, ಓದಿದ್ದು ದಂಡವಾಯ್ತದಲ್ಲ ಅಂದ್ರು. ಅವ್ಳಿಗೇ ಇಷ್ಟ ಇಲ್ವಂತೆ ಕಣಪ್ಪ ಅಂತ ಅತ್ತೆ ಏಳುದ್ರು. ನೀನೇ ಏಳಿರ್ತೀಯ ಅಂದ್ಕಂಡೆ.'

ನಾನು ಎದ್ದು ಒಳಗೆ ಹೋದೆ. ಅತ್ತೆ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಕೂಗಾಡಬೇಕೆಂದೇ ಹೋದವಳು ನಾನು. 'ಯಾಕತ್ತೆ ಹಾಗೆ ಹೇಳಿದಿರಿ?' ಎಂದಷ್ಟೇ ಬಾಯಿಂದ ಬಂತು.

ಯಾವುದರ ಬಗ್ಗೆ ಎಂದು ಅವರು ಕೇಳಲಿಲ್ಲ. ಸುಳ್ಳೂ ಹೇಳಲಿಲ್ಲ. ತಮ್ಮ ಅಂಗೈ ನೋಡಿಕೊಂಡರು.

'ನೀನು ಒರಗೆ ಓಗಿ ದುಡಿಯಂಗಾದ್ರೆ ಅವ್ನು ನಿನ್ ಜೊತೇಲೇ ಮಾತಾಡ್ತಾನೆ' ಎಂದರು. 'ಆಮೇಕೆ ನಾನು ಯಾರ್ ಮಾತ್ನ ಯಾರಿಗ್ ಏಳ್ಲವ್ವ?'

ಸಿಟ್ಟು ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. ಆದರೆ ಎತ್ತಿದ ಮಾತು ಅಲ್ಲೇ ನಿಂತಿತು. ಅಷ್ಟರಲ್ಲಿ ಹೊರಗೆ ಬೈಕಿನ ಸದ್ದಾಗಿ ಭಾವ ಒಳಗೆ ಬಂದರು. ನಾನು ಅಡುಗೆಮನೆಗೆ ಸರಿಯಲಿಲ್ಲ. ನಡುಮನೆಯಲ್ಲೇ ನಿಂತಿದ್ದೆ. ಅವರು ಹೆಜ್ಜೆ ನಿಲ್ಲಿಸಿ ನನ್ನ ಕಡೆ ನೋಡಿದರು, ಮೊದಲ ಸಲ. ಏನೋ ಹೇಳಲಿಕ್ಕಿದೆ ಎಂದು ಅವರಿಗೂ ಗೊತ್ತಾಗಿತ್ತು, ಕಾದರು. ನಾನು ಬಾಯಿ ತೆರೆದೆ.

ಅತ್ತೆ ಕಂಬ ಹಿಡಿದು ದಡಬಡನೆ ಎದ್ದು ನಮ್ಮಿಬ್ಬರ ನಡುವೆ ಬಂದರು. 'ಊಟಕ್ಕಿಡ್ಲಾ ಅಂತ ಕೇಳ್ತಾವ್ಳೆ ಕಣಪ್ಪ' ಎಂದರು.

'ಇಡಕ್ಕೇಳವ್ವ' ಎಂದು ಭಾವ ಕೈ ತೊಳೆಯಲು ಹೋದರು.

ನಾನು ಏನನ್ನೂ ಕೇಳಿರಲಿಲ್ಲ. ಒಳಗೆ ಹೋಗಿ ತಟ್ಟೆ ತೊಳೆದು ತಂದಿಟ್ಟೆ.